ಹದಿನೇಳನೇ ನಂಬರಿನ ಸಹಿ

೨೧ ಜನವರಿ

ಅಪ್ಪಾ,

ಕೊನೆಗೂ ಕಾರ್ಯಕ್ರಮ ಶುರುವಾಯಿತು. ಪ್ರತಿ ಶುಕ್ರವಾರ ಸಂಜೆ ಒಂದು ಗಂಟೆ ರೇಡಿಯೋದಲ್ಲಿ ನಿನ್ನ ಮಗಳ ದನಿ. ಯುದ್ಧಗಳು, ಗೂಢಚಾರರು, ಇತಿಹಾಸವನ್ನು ಅತ್ತಿಂದಿತ್ತ ಎಳೆದಾಡಿದ ದೊಡ್ಡ ಮನುಷ್ಯರು. ವಾರಕ್ಕೊಂದು ವಿಷಯ, ವಾರಕ್ಕೊಬ್ಬ ತಜ್ಞ. ನಾನು ಕೇಳಬೇಕು, ಅವರು ಹೇಳಬೇಕು. "ಹುಟ್ಟಿದಾಗಿಂದ ಬಾಯಿ ಮುಚ್ಚದವಳಿಗೆ ಬೇರೆಯವರ ಮಾತು ಕೇಳೋ ಕೆಲಸ ಕೊಟ್ಟವರು ಯಾರೇ?" ಎಂದು ಅಮ್ಮ ಫೋನಿನಲ್ಲಿ ನಕ್ಕಿದ್ದೇ ನಕ್ಕಿದ್ದು.

ನಿನ್ನ ಕಿವಿಗೆ ಫೋನೂ ಆಗದು, ರೇಡಿಯೋವೂ ಆಗದು. ಅದಕ್ಕೇ ಮಾತುಕತೆಯನ್ನೆಲ್ಲ ಟೈಪ್ ಮಾಡಿಸಿ ಕಳಿಸುತ್ತಿದ್ದೇನೆ. ಮೊದಲ ವಾರ ಬಂದವರು ನಿವೃತ್ತ ಸೇನಾಧಿಕಾರಿ. ಮೇಜಿನ ಮೇಲಿದ್ದುದನ್ನೆಲ್ಲ ರಣರಂಗ ಮಾಡಿದರು. ನನ್ನ ಕಾಫಿ ಲೋಟವನ್ನು ಶತ್ರುವಿನ ಕೋಟೆ ಎಂದು ಇಟ್ಟು, ಮಾತಿನ ಭರದಲ್ಲಿ ಕೋಟೆಯನ್ನೇ ಕುಡಿದುಬಿಟ್ಟರು. ಎರಡನೇ ವಾರ ಗುಪ್ತಲಿಪಿ ಬಿಡಿಸುವುದನ್ನು ಕಲಿಸುತ್ತಿದ್ದ ಒಬ್ಬ ಅಜ್ಜಿ. ಅವರ ಕೈಬರಹ ಓದುವುದಕ್ಕೇ ಇನ್ನೊಬ್ಬ ತಜ್ಞ ಬೇಕು.

ಈಗ ವಿಷಯಕ್ಕೆ ಬರುತ್ತೇನೆ. ನೀನೂ ಬಾ. ಯುದ್ಧದ ಐದು ವರ್ಷ ದೊಡ್ಡ ಅಂಚೆ ಕಚೇರಿಯಲ್ಲಿ ಕೂತು ಊರವರ ಕಾಗದವನ್ನೆಲ್ಲ ತಪಾಸಣೆ ಮಾಡಿದವನು ನೀನು. ಕೇಳಿದಾಗಲೆಲ್ಲ "ಬೇರೆಯವರ ಕಾಗದ ಓದೋದು ಹೇಳ್ಕೊಳ್ಳೋ ಕೆಲಸ ಅಲ್ಲ" ಎಂದು ಜಾರಿಕೊಂಡೆ. ಈಗ ನನಗೆ ನಲವತ್ತೊಂದು ತುಂಬುತ್ತಾ ಬಂತು, ಇನ್ನಾದರೂ ಹೇಳು. ಪ್ರಶ್ನೆಗಳನ್ನು ದಪ್ಪ ಅಕ್ಷರದಲ್ಲಿ ಕಾರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಲೋಟ ಮಾತ್ರ ನಿನ್ನ ಕೈಗೆ ಸಿಗದಂತೆ ಇಡುತ್ತೇನೆ.

ನಿನ್ನ
ಬಾಯಿಬಡುಕಿ

೨ ಫೆಬ್ರವರಿ

ಮಗಳೇ,

ಕಾಗದ ತಲುಪಿತು, ಕೋಟೆ ಕುಡಿದವರ ಮಾತುಕತೆಯೂ ತಲುಪಿತು. ಆ ಸೇನಾಧಿಕಾರಿ ನಾಲ್ಕು ಕಡೆ "ನಾವು ಹಿಮ್ಮೆಟ್ಟಲಿಲ್ಲ, ಜಾಗ ಬದಲಾಯಿಸಿದೆವು" ಎಂದಿದ್ದಾರೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರು ಎಲ್ಲ ಸೈನ್ಯದಲ್ಲೂ ಇರುತ್ತಾರೆ.

ನಾನು ಬರುವುದಿಲ್ಲ. ತಜ್ಞ ಎಂದರೆ ಇತರರ ಬದುಕಿನಲ್ಲಿ ನಡೆದದ್ದನ್ನು ಖಚಿತವಾಗಿ ಹೇಳುವವನು. ನನಗೆ ನನ್ನ ಬದುಕಿನಲ್ಲಿ ನಡೆದದ್ದೇ ಅಷ್ಟು ಖಚಿತವಿಲ್ಲ. ಆದರೂ ಕೇಳಿದ್ದೀಯ, ಕೆಲಸ ಹೇಗಿತ್ತು ಎಂದು ಬರೆಯುತ್ತೇನೆ. ಇದು ನಿನಗೆ, ರೇಡಿಯೋಗಲ್ಲ.

ಉದ್ದನೆಯ ಒಂದು ಕೋಣೆ, ಅರವತ್ತು ಮೇಜು. ನಮ್ಮನ್ನು ಓದುಗರು ಎನ್ನುತ್ತಿದ್ದರು. ಹೆಸರಿಲ್ಲ, ಒಬ್ಬೊಬ್ಬನಿಗೆ ಒಂದೊಂದು ನಂಬರು, ಸಹಿಯೂ ಅದೇ. ಬೆಳಿಗ್ಗೆ ಎಂಟಕ್ಕೆ ಮೇಜಿನ ಮೇಲೆ ಕಾಗದದ ರಾಶಿ, ಒಂದು ಬ್ಲೇಡು, ಒಂದು ಮೊಹರು. ಸೈನ್ಯದ ಓಡಾಟದ ಸುದ್ದಿ ಇರುವ ಸಾಲನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯಬೇಕು. ಅದಕ್ಕೆ ನಾವು ಕಿಟಕಿ ತೆರೆಯುವುದು ಎನ್ನುತ್ತಿದ್ದೆವು. ಕಾಗದ ಸರಿಯಿದ್ದರೆ ಮೊಹರು: "ಓದಲಾಗಿದೆ. ಕಳುಹಿಸಬಹುದು." ದಿನಕ್ಕೆ ನೂರೈವತ್ತು ಕಾಗದ. ತಾಯಂದಿರೆಲ್ಲ ಬರೆಯುವುದು ಒಂದೇ, ಹೊಟ್ಟೆ ತುಂಬ ತಿನ್ನು, ಕಾಲು ಒದ್ದೆ ಮಾಡಿಕೊಳ್ಳಬೇಡ. ಮಕ್ಕಳೆಲ್ಲ ಬರೆಯುವುದೂ ಒಂದೇ, ನಾನು ಚೆನ್ನಾಗಿದ್ದೇನೆ. ಇಬ್ಬರೂ ಸುಳ್ಳು ಹೇಳುತ್ತಿದ್ದಾರೆ ಎಂದು ನಮಗೆ ಗೊತ್ತಾಗುತ್ತಿತ್ತು. ಅದನ್ನು ಕತ್ತರಿಸಲು ನಿಯಮವಿರಲಿಲ್ಲ.

ಅನುಮಾನದ ಕಾಗದಕ್ಕೆ ಮಾತ್ರ ಇಬ್ಬರು ಓದುಗರು. ಮೊದಲನೆಯವನು ಓದಿ, ಅಭಿಪ್ರಾಯ ಬರೆದ ಚೀಟಿಯನ್ನು ಅಂಟಿಸಿ ಮುಚ್ಚುತ್ತಿದ್ದ. ಎರಡನೆಯವನು ಅದನ್ನು ನೋಡದೆ ಕಾಗದವನ್ನು ಹೊಸದಾಗಿ ಓದಬೇಕು. ಇಬ್ಬರಿಗೂ ಒಂದೇ ಅನ್ನಿಸಿದರೆ ಮಾತ್ರ ಮುಂದಿನ ಕ್ರಮ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮ ಮುಖ್ಯಸ್ಥರು ಗೋಡೆಗೆ ಬರೆಸಿದ್ದರು. ಅದರ ಪಕ್ಕದಲ್ಲೇ ಹೀಟರಿನ ಮೇಲೆ ಕಚೇರಿಯ ಗಡಿಯಾರ. ಸೋಮವಾರ ಸೋಮವಾರ ಸ್ಟೂಲು ಹತ್ತಿ ಅದಕ್ಕೆ ಕೀಲಿ ಕೊಡುವುದು, ಎಷ್ಟು ಸೆಕೆಂಡು ತಪ್ಪಿದೆ ಎಂದು ಕಾರ್ಡಿನಲ್ಲಿ ಬರೆಯುವುದು ನನ್ನ ಪಾಲಿನ ಹೆಚ್ಚುವರಿ ಕೆಲಸ. ಸಂಬಳ ಮಾತ್ರ ಹೆಚ್ಚುವರಿ ಬರಲಿಲ್ಲ.

ಇಷ್ಟೇ. ನಿನ್ನ ಅಮ್ಮ ಮಂಡಿನೋವು ಎನ್ನುತ್ತಾ ದಿನಕ್ಕೆ ಮೂರು ಸಲ ಮೆಟ್ಟಿಲಿಳಿದು ಕೆಳಗಿನ ಮನೆಯವರ ಜೊತೆ ಹರಟೆ ಹೊಡೆಯುತ್ತಾಳೆ.

ಅಪ್ಪ

೧ ಮಾರ್ಚ್

ಅಪ್ಪಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ರೇಡಿಯೋಗಲ್ಲ ಎಂದೆಯಲ್ಲ, ಹೊಟ್ಟೆ ಉರಿದುಹೋಯಿತು. ಇರಲಿ, ಈ ವಾರದ್ದು ಓದಿದರೆ ನೀನೇ ಬ್ಯಾಗು ಹಿಡಿದು ಬರುತ್ತೀಯ. ಇದು ನಿಮ್ಮದೇ ಕೋಣೆಯ ಕತೆ!

ಬಂದವರು ವಿಶ್ವವಿದ್ಯಾಲಯದ ಇತಿಹಾಸದ ಪ್ರೊಫೆಸರು. ನಲವತ್ತು ವರ್ಷ ಮುಚ್ಚಿಟ್ಟಿದ್ದ ಯುದ್ಧಕಾಲದ ಕಡತಗಳು ಈಚೆಗೆ ತೆರೆದವಂತೆ. ಅದರಲ್ಲಿ ವಾಚು ರಿಪೇರಿಯವನೊಬ್ಬನ ಪ್ರಕರಣ ಸಿಕ್ಕಿದೆ. ಗಡಿಯ ಹತ್ತಿರದ ಊರಿನಲ್ಲಿದ್ದ ತನ್ನ ಗುರುವಿಗೆ ಅವನು ಬರೆದ ಕಾಗದದ ನಡುವೆ ಬರೀ ಅಂಕಿಗಳ ಪಟ್ಟಿ. ಸೋಮವಾರ ಕೂಡಿಸು ನಾಲ್ಕು, ಮಂಗಳವಾರ ಕೂಡಿಸು ಮೂರು, ಬುಧವಾರ ಕಳೆ ಆರು, ಹೀಗೆ ಐದು ವಾರದ್ದು. ಅವನ ಅಂಗಡಿಯ ಕಿಟಕಿಯಿಂದ ರೈಲು ನಿಲ್ದಾಣ ಕಾಣುತ್ತಿತ್ತು. ಕೂಡಿಸು ಎಂದರೆ ಗಡಿಗೆ ಹೋದ ಸೇನಾ ರೈಲು, ಕಳೆ ಎಂದರೆ ಬಂದ ರೈಲು! ವಿಚಾರಣೆಯಲ್ಲಿ ಆತ, ಅದು ಮನೆಯ ಗಡಿಯಾರದ ಲೆಕ್ಕ, ಒಲೆಯ ಬಿಸಿಗೆ ಹಿಂದೆ ಬೀಳುತ್ತದೆ ಎಂದನಂತೆ. ಗಡಿಯಾರ ತರಿಸಿ ನ್ಯಾಯಾಲಯದ ಗೋಡೆಗೆ ನೇತುಹಾಕಿದರು. ಅಲ್ಲಿ ಅದು ಒಮ್ಮೆಯೂ ಹಿಂದೆ ಬೀಳಲಿಲ್ಲ. ಎಲ್ಲರೂ ನಕ್ಕರಂತೆ. ಹತ್ತು ವರ್ಷ ಶಿಕ್ಷೆಯಾಗಿ, ಮೂರನೇ ವರ್ಷ ಜೈಲಿನಲ್ಲೇ ತೀರಿಕೊಂಡ.

ಒಂಬತ್ತನೇ ಪುಟ ನೋಡು. "ಒಬ್ಬ ಓದುಗನಿಗೆ ಅನುಮಾನ ಬಂದಿದ್ದರೆ ತಪ್ಪಿರಬಹುದು ಎನ್ನಬಹುದಿತ್ತು. ಆದರೆ ಒಂಬತ್ತನೇ ನಂಬರು ಮತ್ತು ಹದಿನೇಳನೇ ನಂಬರು, ಒಬ್ಬರ ಅಭಿಪ್ರಾಯ ಒಬ್ಬರಿಗೆ ಗೊತ್ತಿಲ್ಲದೆ ಒಂದೇ ನಿರ್ಧಾರಕ್ಕೆ ಬಂದರು" ಎನ್ನುತ್ತಾರೆ. ಇವರ ಪುಸ್ತಕ ಜೂನ್‌ನಲ್ಲಿ ಅಚ್ಚಿಗೆ ಹೋಗುತ್ತದೆ. ಒಂಬತ್ತನೆಯವರಿಗೆ ಪದಕ ಬಂದಿತ್ತಂತೆ, ಈಗ ಅವರಿಲ್ಲ. ಹದಿನೇಳು ಯಾರೆಂದು ಮಾತ್ರ ಕಡತದಲ್ಲಿಲ್ಲ. "ಆ ಚುರುಕು ಕಣ್ಣಿನ ವ್ಯಕ್ತಿ ಬದುಕಿದ್ದರೆ ಕೈ ಕುಲುಕಬೇಕು" ಎಂದರು. ಅಪ್ಪಾ, ಅರವತ್ತೇ ಜನ ಇದ್ದಿರಿ. ನಿನಗೆ ಗೊತ್ತಿರಲೇಬೇಕು. ಯಾರು ಹದಿನೇಳು?

ಬಾಯಿಬಡುಕಿ

೧೨ ಮಾರ್ಚ್

ಮಗಳೇ,

ಮಾತುಕತೆಯ ಪ್ರತಿಯನ್ನು ಹಿಂದಿರುಗಿಸುತ್ತಿದ್ದೇನೆ. ಟೈಪಿನ ತಪ್ಪುಗಳನ್ನು ತಿದ್ದಿದ್ದೇನೆ, ಇಪ್ಪತ್ತಮೂರು ಇದ್ದವು.

ಅಡುಗೆಮನೆಯ ನಲ್ಲಿ ಸೋರುತ್ತಿದೆ. ಪ್ಲಂಬರು ನಾಳೆ ಬರುತ್ತೇನೆ ಎಂದು ಹೇಳಿ ವಾರವಾಯಿತು. ಅಷ್ಟು ವರ್ಷದ ಹಿಂದಿನ ನಂಬರುಗಳು ನೆನಪಿರುವುದು ಕಷ್ಟ.

ಅಪ್ಪ

೨೦ ಮಾರ್ಚ್

ಅಪ್ಪಾ,

ಒಂಬತ್ತನೇ ಪುಟದಲ್ಲಿ ಒಂದು ಕಿಟಕಿ ಇದೆ.

ಬ್ಲೇಡಿನಿಂದ, ಅಳತೆಪಟ್ಟಿ ಇಟ್ಟಂತೆ, ನಾಲ್ಕು ಮೂಲೆಯೂ ನೇರ. ಅದರೊಳಗಿಂದ ಹತ್ತನೇ ಪುಟದ ಅರ್ಧಂಬರ್ಧ ಮಾತು ಕಾಣುತ್ತಿತ್ತು. ನನ್ನ ಪ್ರತಿಯ ಜೊತೆ ಹೋಲಿಸಿ ನೋಡಿದೆ. ನೀನು ತೆಗೆದಿರುವುದು ಹದಿನೇಳನೇ ನಂಬರಿನ ಸಾಲುಗಳನ್ನು, ಅವಷ್ಟನ್ನೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ ಅಪ್ಪಾ! ಬೇಕೆಂದೇ ಮಾಡಿದೆಯೋ, ಕೈಗೆ ಅಭ್ಯಾಸವಾಗಿ ಅದೇ ಮಾಡಿತೋ?

ನಗುತ್ತಲೇ ಬರೆಯಲು ಕೂತೆ. ಆದರೆ ಇವತ್ತು ಕಾರ್ಯಕ್ರಮಕ್ಕೆ ಬಂದ ಕಾಗದವೊಂದನ್ನು ಓದಿದ ಮೇಲೆ ನಗು ಬರುತ್ತಿಲ್ಲ. ನಕಲು ಮಾಡಿ ಇಟ್ಟಿದ್ದೇನೆ. ನೀನೂ ಓದು.

"ಕಾರ್ಯಕ್ರಮದ ಮೇಡಂ ಅವರಿಗೆ. ನೀವು ಗೂಢಚಾರ ಎಂದು ಹೇಳಿದವರ ಮಗಳು ನಾನು. ಅವರ ಕೆಲಸವನ್ನೇ ಮಾಡುತ್ತೇನೆ, ಬೇರೆ ಊರಿನಲ್ಲಿ, ಅಂಗಡಿಗೆ ಅವರ ಹೆಸರಿಲ್ಲ. ನಿಮ್ಮ ಪ್ರೊಫೆಸರು ಅಂಕಿಗಳನ್ನು ಓದುವಾಗ ಕೈಯಲ್ಲಿ ಕೆಲಸವಿತ್ತು, ಕೆಳಗಿಟ್ಟೆ. ಲೋಲಕದ ಗಡಿಯಾರ ಅದು. ತಣ್ಣಗಿದ್ದ ದಿನ ನಾಲ್ಕು ಸೆಕೆಂಡು ಮುಂದೆ, ಬಿಸಿ ತಾಗಿದ ದಿನ ಲೋಲಕದ ಕಡ್ಡಿ ಹಿಗ್ಗಿ ಆರು ಸೆಕೆಂಡು ಹಿಂದೆ. ನನ್ನ ಹತ್ತಿರ ಕೆಲಸ ಕಲಿಯುವ ಯಾರನ್ನು ಕೇಳಿದರೂ ಹೇಳುತ್ತಾರೆ. ನ್ಯಾಯಾಲಯದಲ್ಲಿ ಒಲೆ ಇರಲಿಲ್ಲ, ಅದಕ್ಕೆ ಸರಿ ನಡೆಯಿತು. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

"ನನ್ನ ತಾಯಿಗೆ ಎಂಬತ್ತಮೂರು. ಅವರಿಗೆ ಆ ಕಾಗದವನ್ನು ಯಾರೂ ತೋರಿಸಲಿಲ್ಲ. ನನ್ನ ಮಾತನ್ನು ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಕೇಳುತ್ತಾರೆ: 'ಇಬ್ಬರು ಓದಿದ್ರಲ್ಲಮ್ಮ, ಬೇರೆ ಬೇರೆ ಕೂತು. ಇಬ್ಬರಿಗೂ ತಪ್ಪಾಗಿ ಕಂಡಿತಾ?' ಗಂಡನನ್ನು ನೋಡಲು ಜೈಲಿಗೆ ಹೋದಾಗಲೂ ಅವರು ಇದನ್ನೇ ಕೇಳಿದ್ದರಂತೆ. ಆಮೇಲೆ ಅಪ್ಪ ತಾಯಿಯ ಜೊತೆ ಹೆಚ್ಚು ಮಾತಾಡಲಿಲ್ಲ. ಪುಸ್ತಕ ಬರುವ ಮುಂಚೆ ಆ ಇನ್ನೊಬ್ಬರು ಸಿಕ್ಕರೆ ನನಗೆ ತಿಳಿಸಿ. ಅವರು ಏನು ಓದಿದರು ಎಂದು ಕೇಳಬೇಕು."

ಅಪ್ಪಾ, ಹದಿನೇಳು ನೀನೇನಾ?

ಮಗಳು

೫ ಏಪ್ರಿಲ್

ಅಪ್ಪಾ,

ಎರಡು ವಾರವಾಯಿತು. ಊಟ ಸರಿ ಮಾಡುತ್ತಿಲ್ಲವಂತೆ, ಬೆಳಿಗ್ಗೆ ಕಾಗದ ಪೆನ್ನು ಹಿಡಿದು ಕೂತು, ಮಧ್ಯಾಹ್ನ ಕಾಗದ ಹರಿದು ಏಳುತ್ತೀಯಂತೆ. ಅಮ್ಮ ಹೇಳಿದಳು. ಹರಿದದ್ದನ್ನಾದರೂ ಕಳಿಸು.

ಮಗಳು

೧೧ ಏಪ್ರಿಲ್

ಮಗಳೇ,

ಇವತ್ತು ನಿನ್ನ ಹುಟ್ಟುಹಬ್ಬ. ಇವತ್ತೇ ಬರೆಯಬೇಕು ಎಂದು ಕಾದೆ. ಇವತ್ತು ಬರೆಯದಿದ್ದರೆ ಇನ್ನು ಬರೆಯುವುದಿಲ್ಲ ಎಂದು ನನ್ನ ಬಗ್ಗೆ ನನಗೆ ಗೊತ್ತು.

ಹೌದು, ಹದಿನೇಳು ನಾನೇ.

ನಲವತ್ತೊಂದು ವರ್ಷದ ಹಿಂದೆ ಇದೇ ದಿನ ಬೆಳಿಗ್ಗೆ ಹತ್ತೂವರೆಗೆ ಕಚೇರಿಯ ಪೇದೆ ಚೀಟಿ ತಂದುಕೊಟ್ಟ. ಹೆರಿಗೆ ಕಷ್ಟವಾಗಿದೆ, ಕೂಡಲೇ ಆಸ್ಪತ್ರೆಗೆ ಬನ್ನಿ ಎಂದಿತ್ತು. ನನ್ನ ಮೇಜಿನ ಮೇಲೆ ಎರಡನೇ ಓದಿಗೆ ಬಂದ ಹನ್ನೊಂದು ಕಾಗದಗಳಿದ್ದವು. ಮೇಜು ಖಾಲಿಯಾಗದೆ ಎದ್ದು ಹೋಗುವಂತಿರಲಿಲ್ಲ. ಪಕ್ಕದ ಮೇಜಿನವನು ಒಂಬತ್ತನೇ ನಂಬರು. ಕಣ್ಣು ಚುರುಕೆಂದು ಅವನನ್ನು ಹದ್ದು ಎನ್ನುತ್ತಿದ್ದೆವು, ನನ್ನ ಜೀವದ ಗೆಳೆಯ. "ಹೋಗಯ್ಯಾ, ಎಲ್ಲಾ ನಾನು ನೋಡಿದೀನಿ. ಸಹಿ ಹಾಕಿ ಹೋಗು. ಮಗು ನಿನ್ನ ಮೊಹರಿಗೆ ಕಾಯುತ್ತಾ?" ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ನಾನು ಅವನು ಹೇಳಿದ ಅಭಿಪ್ರಾಯವನ್ನೇ ಬರೆದು ಹನ್ನೊಂದಕ್ಕೂ ಸಹಿ ಹಾಕಿದೆ. ಒಂದನ್ನೂ ಬಿಡಿಸಿ ನೋಡಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವನು ನಾನು.

ಆಸ್ಪತ್ರೆಗೆ ಓಡಿದೆ. ಸಂಜೆ ನಾಲ್ಕಕ್ಕೆ ನೀನು ಹುಟ್ಟಿದೆ, ಕಿರುಚುತ್ತಲೇ. ಅಷ್ಟು ಸಂತೋಷ ನನಗೆ ಜೀವಮಾನದಲ್ಲಿ ಮತ್ತೆ ಆಗಿಲ್ಲ. ಇದನ್ನು ನೀನು ನಂಬಬೇಕು.

ಮೂರು ವಾರ ಕಳೆದು ಒಂದು ಸೋಮವಾರ. ಕಾಗದ ಆಗಲೇ ನ್ಯಾಯಾಲಯಕ್ಕೆ ಹೋಗಿತ್ತು. ಅಂಕಿಗಳ ಪಟ್ಟಿಯ ಶುದ್ಧಪ್ರತಿ ಮಾತ್ರ ಕಡತಕ್ಕೆ ಸೇರಿಸಲು ನನ್ನ ಮೇಜಿಗೆ ಬಂತು. ನಾನು ಆಗತಾನೇ ಸ್ಟೂಲಿನಿಂದ ಇಳಿದಿದ್ದೆ, ಕೈಯಲ್ಲಿ ಕಚೇರಿ ಗಡಿಯಾರದ ಕಾರ್ಡಿತ್ತು. ಎರಡೂ ಅಕ್ಕಪಕ್ಕ ಬಿದ್ದವು. ಹೀಟರು ಹಚ್ಚಿದ ವಾರ ನಮ್ಮ ಗಡಿಯಾರವೂ ಹಿಂದೆ ಬೀಳುತ್ತಿತ್ತು. ಅಂಕಿ ಬೇರೆ, ನಡಿಗೆ ಒಂದೇ. ಅರವತ್ತು ಜನರಲ್ಲಿ ಅದನ್ನು ನೋಡಿದ ಕೂಡಲೇ ಗುರುತಿಸಬಲ್ಲವನು ನಾನೊಬ್ಬನೇ. ಓದಬೇಕಾದ ಸರದಿಯೂ ನನ್ನದೇ ಆಗಿತ್ತು. ಆ ಒಬ್ಬನೇ ಓದಲಿಲ್ಲ.

ಮುಖ್ಯಸ್ಥರ ಬಾಗಿಲ ತನಕ ಎರಡು ಸಲ ಹೋದೆ. ಮೊದಲ ಸಲ ಬಾಗಿಲು ಮುಚ್ಚಿತ್ತು, ಬಚಾವಾದೆ ಎಂದುಕೊಂಡೆ. ಎರಡನೇ ಸಲ ಒಳಗೆ ಹದ್ದಿಗೆ ಚಪ್ಪಾಳೆ ತಟ್ಟುತ್ತಿದ್ದರು. ನಾನೂ ಒಳಗೆ ಹೋಗಿ ತಟ್ಟಿದೆ. ಮನೆಯಲ್ಲಿ ಮೂರು ವಾರದ ಮಗುವಿತ್ತು. ಓದದೆ ಸಹಿ ಮಾಡಿದವನಿಗೆ ಆ ದಿನಗಳಲ್ಲಿ ಜೈಲಾಗುತ್ತಿತ್ತು. ಇದು ಕಾರಣ. ನೆಪ ಎಂದರೂ ನಾನು ಜಗಳಕ್ಕೆ ಬರುವುದಿಲ್ಲ.

ಆ ವಾಚಿನವನು ಸತ್ತ ಸುದ್ದಿ ಪೇಪರಿನಲ್ಲಿ ಐದು ಸಾಲು ಬಂದಿತ್ತು. ಅವತ್ತು ನಾನು ನಿನ್ನ ಹಾಲಿಗೆ ಸಕ್ಕರೆ ಹಾಕಲು ಮರೆತೆ ಎಂದು ನೀನು ಲೋಟ ಎಸೆದೆ. ಅದು ನೆನಪಿದೆ.

ನಿನ್ನ ಅಮ್ಮನಿಗೂ ಹೇಳಿರಲಿಲ್ಲ. ನಿನ್ನೆ ಬರೆದು ತೋರಿಸಿದೆ. ಓದಿ, ಅದೇ ಕಾಗದದ ಕೆಳಗೆ "ನಲವತ್ತೊಂದು ವರ್ಷ ನನ್ನ ಹೆರಿಗೇನ ಹೀಗೆ ಹೊತ್ಕೊಂಡಿದ್ರಾ?" ಎಂದು ಬರೆದಳು.

ಅಪ್ಪ

೨೩ ಏಪ್ರಿಲ್

ಅಪ್ಪಾ,

ನಿನ್ನ ಕಾಗದ ಬಂದ ದಿನ ಸ್ಟುಡಿಯೋದಲ್ಲಿ ಯಾವನೋ ರಾಜನ ದಂಡಯಾತ್ರೆಯ ಬಗ್ಗೆ ತಜ್ಞರು ಮಾತಾಡುತ್ತಿದ್ದರು. ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕಾರ್ಯಕ್ರಮ ಚೆನ್ನಾಗಿ ಬಂತೆಂದು ಎಲ್ಲರೂ ಹೊಗಳಿದರು.

ನನಗೆ ನಿನ್ನ ಮೇಲೆ ಸಿಟ್ಟಿದೆ. ಆ ಮನುಷ್ಯನ ವಿಷಯಕ್ಕೆ ಒಂದು ಸಿಟ್ಟು, ನನ್ನ ವಿಷಯಕ್ಕೆ ಇನ್ನೊಂದು. ಪ್ರತಿ ವರ್ಷ ಕೇಕ್ ಕತ್ತರಿಸುವ ಹೊತ್ತಿಗೆ ನೀನು ಏನೋ ನೆಪ ಹೇಳಿ ಬೀದಿಗೆ ಇಳಿಯುತ್ತಿದ್ದೆ. ಕಿಟಕಿಯಿಂದ ನೋಡುತ್ತಿದ್ದೆ ನಾನು, ನೀನು ಅತ್ತಿಂದಿತ್ತ ನಡೆಯುತ್ತಿದ್ದೆ. ಅಪ್ಪನಿಗೆ ಗಂಡು ಬೇಕಿತ್ತು, ನಾನು ಹುಟ್ಟಿದ್ದು ಬೇಸರ ಎಂದು ಎಂಟನೇ ವಯಸ್ಸಿಗೇ ತೀರ್ಮಾನಿಸಿಬಿಟ್ಟೆ. ಬಾಯಿಬಡುಕಿ ಆದದ್ದು ಯಾಕೆ ಗೊತ್ತಾ? ನೀನು ನನ್ನ ಕಡೆ ತಿರುಗಲಿ ಅಂತ. ನಾನೂ ಓದದೆ ಸಹಿ ಹಾಕಿದ್ದೆ ಅಪ್ಪಾ, ನಿನ್ನ ಮೇಲೆ.

ಪ್ರೊಫೆಸರಿಗೆ, ಎರಡನೇ ಓದುಗ ಓದಿರಲಿಲ್ಲ ಎಂದು ಹೇಳಿದೆ. ಯಾರೆಂದು ಹೇಳಲಿಲ್ಲ. "ಮುದುಕರ ನೆನಪನ್ನ ದಾಖಲೆ ಅನ್ನೋಕಾಗಲ್ಲ ಮೇಡಂ, ಸಹಿ ಇದೆಯಲ್ಲ" ಎಂದರು. ನಿಜ ಹೇಳುತ್ತೇನೆ, ಒಳಗೊಳಗೇ ಸಮಾಧಾನವೂ ಆಯಿತು. ಹೆಸರು ಬಿಟ್ಟು "ಒಬ್ಬ ಓದುಗರು ಈಗ ಹೀಗೆನ್ನುತ್ತಾರೆ" ಎಂದು ಎರಡು ಸಾಲು ಹೇಳಿ ಮುಗಿಸಿದರೆ ನಿನ್ನ ಮಾನವೂ ಉಳಿಯುತ್ತದೆ, ನನ್ನ ಕಾರ್ಯಕ್ರಮವೂ ಉಳಿಯುತ್ತದೆ. ಟೇಪು ಕತ್ತರಿಸುವುದರಲ್ಲಿ ನಾನೂ ನಿನ್ನಷ್ಟೇ ನುರಿತವಳು. ನೀನು ಹೂಂ ಎಂದರೆ ಹಾಗೇ ಮಾಡುತ್ತೇನೆ.

ಪ್ರೊಫೆಸರಿಂದ ಆ ಕಾಗದದ ಪೂರ್ತಿ ಪ್ರತಿ ತರಿಸಿಕೊಂಡೆ. ನಾಲ್ಕು ಪುಟವಿದೆ. ಅವರು ಎರಡನೇ ಪುಟವನ್ನು ಮಾತ್ರ ಬಳಸಿದ್ದು. ಹದ್ದು ಕೆಂಪು ಗೆರೆ ಎಳೆದಿದ್ದೂ ಅದಕ್ಕೆ ಮಾತ್ರ. ಉಳಿದದ್ದು ಮನೆವಾರ್ತೆ ಎಂದರು. ನಾನು ಓದಲಿಲ್ಲ, ಮನಸ್ಸಾಗಲಿಲ್ಲ. ಲಕೋಟೆಗೆ ಹಾಕಿ ಅಂಟಿಸಿ ಇದರ ಜೊತೆ ಇಟ್ಟಿದ್ದೇನೆ. ಓದುವ ಸರದಿ ನಿನ್ನದು.

ಮಗಳು

೫ ಮೇ

ಮಗಳೇ,

ಹೂಂ ಎನ್ನುವುದಿಲ್ಲ. ಹೆಸರು ಹಾಕು.

ಪ್ರೊಫೆಸರಿಗೆ ಹೇಳು: ಮುದುಕನ ನೆನಪು ದಾಖಲೆಯಲ್ಲ, ಒಪ್ಪಿದೆ. ಆದರೆ ಅವರ ದಾಖಲೆ ಇರುವುದು ಇದೇ ಮುದುಕನ ಸಹಿಯ ಮೇಲೆ. ಬೇಕಾದರೆ ಎದುರಿಗೆ ಕೂತು ಇನ್ನೊಮ್ಮೆ ಸಹಿ ಹಾಕಿ ತೋರಿಸುತ್ತೇನೆ, ತಾಳೆ ನೋಡಿಕೊಳ್ಳಲಿ.

ಲಕೋಟೆಯನ್ನು ತೆರೆದಿಲ್ಲ. ಒಬ್ಬನೇ ಕೂತು ತೆರೆಯುವುದು ಸರಿಯಲ್ಲ ಅನ್ನಿಸಿತು. ನೀನು ಕಳಿಸಿದ ನಕಲಿನಲ್ಲಿದ್ದ ವಿಳಾಸಕ್ಕೆ, ಆ ವಾಚಿನ ಅಂಗಡಿಯ ಮಗಳಿಗೆ ಬರೆದಿದ್ದೆ. ಬನ್ನಿ ಎಂದು ಒಂದೇ ಪದದ ಉತ್ತರ ಬಂದಿದೆ. ಕಿವಿ ಕೇಳದ ಗಂಡನ ಜೊತೆ ಬಾಯಿಯಾಗಿ ಬರುತ್ತೇನೆ ಎಂದು ನಿನ್ನ ಅಮ್ಮ ಹೊರಟಿದ್ದಾಳೆ. ನಿನ್ನ ರೆಕಾರ್ಡರನ್ನು ಅವಳಿಗೆ ಕಳಿಸಿಕೊಡು, ಅವರು ಒಪ್ಪಿದರೆ ಒತ್ತುತ್ತಾಳೆ.

ಅಪ್ಪ

೧೮ ಮೇ

ಮಗಳೇ,

ಹೋಗಿ ಬಂದೆವು. ಟೇಪು ನಿನ್ನ ಅಮ್ಮ ಕಳಿಸಿದ್ದಾಳೆ. ನನಗೆ ಕೇಳದ ಕಾರಣ ಅದರಲ್ಲಿ ಏನಿದೆಯೋ ಗೊತ್ತಿಲ್ಲ. ನಾನು ಕಂಡದ್ದನ್ನು ಬರೆಯುತ್ತೇನೆ.

ಪುಟ್ಟ ಅಂಗಡಿ, ಮೂರು ಗೋಡೆಯ ತುಂಬ ಗಡಿಯಾರ. ಅಷ್ಟೂ ಲೋಲಕಗಳು ಆಡುತ್ತಿದ್ದವು, ನನಗೆ ಒಂದರ ಸದ್ದೂ ಇಲ್ಲ. ಮಗಳು ಕಣ್ಣಿನ ಭೂತಗನ್ನಡಿ ತೆಗೆದು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ನಿನಗಿಂತ ನಾಲ್ಕೈದು ವರ್ಷ ದೊಡ್ಡವಳು. ಹಿಂದಿನ ಕೋಣೆಯಲ್ಲಿ ಅವಳ ತಾಯಿ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಅವರು ಹೇಳಿದ್ದನ್ನು ಮಗಳು ರಿಪೇರಿ ಚೀಟಿಗಳ ಹಿಂದೆ ಬರೆದು ನನಗೆ ಕೊಟ್ಟಳು. ಚೀಟಿಗಳನ್ನು ಕೇಳಿ ತಂದಿದ್ದೇನೆ.

ನಿಂತುಕೊಂಡೇ ಹೇಳಿದೆ: "ಅಮ್ಮಾ, ಇಬ್ಬರು ಓದಲಿಲ್ಲ. ಒಬ್ಬನೇ ಓದಿದ್ದು. ಎರಡನೆಯವನು ನಾನು. ನಾನು ಓದದೆ ಸಹಿ ಹಾಕಿದೆ. ಆಮೇಲೆ ಗೊತ್ತಾದಾಗ ಹೆದರಿ ಬಾಯಿ ಮುಚ್ಚಿಕೊಂಡೆ. ನಿಮ್ಮ ಯಜಮಾನರು ಹೇಳಿದ್ದು ನಿಜ. ಅದು ಗಡಿಯಾರದ ಲೆಕ್ಕವೇ."

ಅವರು ಅಳಲಿಲ್ಲ, ಬೈಯಲೂ ಇಲ್ಲ. ಮೊದಲ ಚೀಟಿ ಬಂತು: "ನಾನು ಅವರನ್ನ ಜೈಲಲ್ಲಿ ಕೇಳಿದ್ದೆ. ನನ್ನ ಕೇಳಬೇಡ, ಆ ಇಬ್ಬರನ್ನ ಕೇಳು ಅಂದಿದ್ರು. ಎಲ್ಲಿದ್ರಿ ಇಷ್ಟು ದಿನ?"

ಎರಡನೇ ಚೀಟಿ: "ನಿಮ್ಮನ್ನ ಕ್ಷಮಿಸ್ತೀನಿ ಅಂದ್ಕೊಂಡು ಬಂದಿದ್ರೆ ಆಗಲ್ಲ." ನಿನ್ನ ಅಮ್ಮ ನನ್ನ ಪರವಾಗಿ ಏನೋ ಹೇಳಹೊರಟಳು. ಅವಳ ಕೈ ಹಿಡಿದು ತಡೆದೆ. ಅದಕ್ಕಾಗಿ ಬಂದಿರಲಿಲ್ಲ ನಾನು, ಬಂದಿದ್ದರೂ ಕೇಳುವ ಮುಖವಿರಲಿಲ್ಲ.

ಮೂರನೇ ಚೀಟಿ: "ಅವತ್ತು ಓದಲಿಲ್ಲ ಅಲ್ವಾ? ಈಗ ಓದಿ."

ಲಕೋಟೆ ಒಡೆದೆ. ಮೊದಲ ಪುಟದಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ನನ್ನ ದನಿ ಎಷ್ಟು ಜೋರಿತ್ತೋ ನನಗೇ ತಿಳಿಯದು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಗುರುವಿನ ಆರೋಗ್ಯ ಕೇಳಿದ್ದ, ಅಂಕಿಗಳ ಪಟ್ಟಿ ಕೊಟ್ಟಿದ್ದ. ಮೂರನೇ ಪುಟದ ಕೊನೆಯಿಂದ ಹೀಗಿತ್ತು:

"ಒಲೆಯ ಹಿಂದಿನ ಗೋಡೆಗೆ ನೇತುಹಾಕಿದ್ದೇ ತಪ್ಪೆಂದು ನನಗೂ ಗೊತ್ತು ಗುರುಗಳೇ. ಬೇರೆ ಗೋಡೆಗೆ ಹಾಕುತ್ತೇನೆ ಎಂದರೆ ನನ್ನವಳು ಬಿಡುತ್ತಿಲ್ಲ. ಅಡುಗೆ ಮಾಡುತ್ತಾ ತಲೆ ಎತ್ತಿದರೆ ಕಾಣಬೇಕಂತೆ, ನಾನು ಅಂಗಡಿಯಿಂದ ಬರುವ ಹೊತ್ತು ಆಯಿತೇ ಎಂದು ನೋಡಿಕೊಳ್ಳುವುದಕ್ಕೆ. ಗಡಿಯಾರವನ್ನು ಸರಿಮಾಡಬಹುದು, ಅವಳನ್ನು ಸರಿಮಾಡುವುದು ನನ್ನಿಂದಾಗದು, ಮನಸ್ಸೂ ಇಲ್ಲ. ಬಿಸಿಗೆ ಹಿಗ್ಗದಂಥ ಕಡ್ಡಿ ನಿಮ್ಮಲ್ಲಿದ್ದರೆ ಕಳಿಸಿ. ಆರು ಸೆಕೆಂಡಾದರೂ ಅವಳು ಸುಮ್ಮನೆ ಕಾಯಬಾರದು."

ಮಗಳೇ, ಕಾಗದ ಬಿಡಿಸಿದ್ದರೆ ಇಷ್ಟನ್ನು ಓದಲು ನನಗೆ ಎರಡು ನಿಮಿಷ ಸಾಕಾಗಿತ್ತು. ಆಸ್ಪತ್ರೆಯಲ್ಲಿ ನೀನು ಹುಟ್ಟುವುದಕ್ಕೆ ಐದು ಗಂಟೆ ಕಾದೆ.

ತಲೆ ಎತ್ತಿದಾಗ ಮಗಳು ಮುಖ ಮುಚ್ಚಿಕೊಂಡಿದ್ದಳು. ತಾಯಿ ಮಾತ್ರ ಗೋಡೆ ನೋಡುತ್ತಿದ್ದರು, ತುಟಿ ಅಲುಗುತ್ತಿತ್ತು. ಏನೆಂದರು ಎಂದು ನಿನ್ನ ಅಮ್ಮನನ್ನು ಆಮೇಲೆ ಕೇಳಿದೆ. "ಹೌದು, ನಾನೇ ಬಿಡಲಿಲ್ಲ, ನಾನೇ ಬಿಡಲಿಲ್ಲ" ಎನ್ನುತ್ತಿದ್ದರಂತೆ. ನಂತರ ಕಾಗದಕ್ಕೆ ಕೈ ಚಾಚಿದರು. ಕೊಡಹೋದರೆ ಬೇಡವೆಂದು, ಮಗಳ ಕೈಯಿಂದ ಪೆನ್ನು ಕಿತ್ತುಕೊಂಡು ನನ್ನ ಮುಂದೆ ಹಿಡಿದರು. ಅದಕ್ಕೆ ಚೀಟಿ ಬೇಕಾಗಲಿಲ್ಲ.

ನಾಲ್ಕನೇ ಪುಟದ ಕೆಳಗೆ ಬರೆದೆ: "ಓದಲಾಗಿದೆ. ಕಳುಹಿಸಬಹುದು. ೧೭." ಅದರ ಕೆಳಗೆ ಪೂರ್ತಿ ಹೆಸರು, ಪೂರ್ತಿ ವಿಳಾಸ. ಅಕ್ಷರ ಸೊಟ್ಟಗಿದೆ, ಆದರೂ ಓದಬಹುದು.

ಅವರು ಅದನ್ನು ಮಡಿಸಿ, ಮಡಿಲಲ್ಲಿಟ್ಟುಕೊಂಡು, ಅಂಗೈ ಮುಚ್ಚಿದರು. ಪುಸ್ತಕದವರಿಗೆ ಒಂದು ಪ್ರತಿ ಕಳಿಸಲೇ ಎಂದು ಮಗಳು ಕೇಳಿರಬೇಕು. ಕೊನೆಯ ಚೀಟಿಯಲ್ಲಿ ತಾಯಿಯ ಉತ್ತರವಿದೆ: "ಅವರಿಗೆ ನೀನು ಏನು ಬೇಕಾದ್ರೂ ಕಳಿಸ್ಕೋ. ಇದು ನನ್ನದು. ನನಗೆ ಬಂತು."

ಟೇಪಿನಲ್ಲಿ ಎಲ್ಲಿಯೂ ಕಿಟಕಿ ತೆರೆಯಬೇಡ. ನಾನು ಅತ್ತದ್ದು ಇದ್ದರೂ ಇರಲಿ.

ಮುಂದಿನ ಏಪ್ರಿಲ್ ಹನ್ನೊಂದಕ್ಕೆ ನಿನ್ನ ಮನೆಗೇ ಬರುತ್ತೇವೆ. ಕೇಕ್ ಕತ್ತರಿಸುವಾಗ ನಾನು ಪಕ್ಕದಲ್ಲೇ ನಿಂತಿರುತ್ತೇನೆ.

ಅಪ್ಪ